ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಓದುಗರ ಪ್ರಶ್ನೆ: ತಂದೆಗೆ ಕಿಡ್ನಿ ವೈಫಲ್ಯ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಬ್ಬಿಣದ ಮಾತ್ರೆ ತಪ್ಪಿಸಿಲ್ಲ, ಆದರೂ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ಇದೆ. ಈಗ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ರಕ್ತಕ್ಕೂ ಕಿಡ್ನಿಗೂ ಏನು ಸಂಬಂಧ?

ಉತ್ತರ: ಕೆಂಪು ರಕ್ತಕಣ ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ಎಷ್ಟು ತಯಾರಾಗಬೇಕು ಎಂಬುದು ಮಾತ್ರ ಹೆಚ್ಚಾಗಿ ಕಿಡ್ನಿಯಲ್ಲಿ ತೀರ್ಮಾನವಾಗುತ್ತದೆ. ಕಿಡ್ನಿಯ ಹೊರಭಾಗದಲ್ಲಿ, ಸೂಕ್ಷ್ಮ ನಾಳಗಳ ಸಂದಿನಲ್ಲಿರುವ ಕೆಲವು ಜೀವಕೋಶಗಳು ಆಮ್ಲಜನಕದ ಮಟ್ಟವನ್ನು ಗಮನಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ 'ಹಿಫ್' ಎಂಬ ಪ್ರೋಟೀನು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ನಾಶವಾಗುತ್ತದೆ. ಕಡಿಮೆಯಾದರೆ ಅದು ಉಳಿದುಕೊಂಡು, ಕೆಂಪು ಕಣ ತಯಾರಿಸುವಂತೆ ಮಜ್ಜೆಗೆ ಸೂಚಿಸುವ ಹಾರ್ಮೋನಾದ ಎರಿಥ್ರೋಪೊಯೆಟಿನ್‌ನ ಜೀನನ್ನು ಚಾಲೂ ಮಾಡುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಗುರುತಿಸುವ ಈ ಬಗೆಯನ್ನು ಬಿಡಿಸಿಟ್ಟ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಸಂದಿತು. ಕಿಡ್ನಿ ಹಾಳಾದಾಗ ಈ ಜೀವಕೋಶಗಳೂ ಕೆಲಸ ಬಿಡುತ್ತವೆ. ಲಿವರ್ ಅಷ್ಟಿಷ್ಟು ತಯಾರಿಸಿದರೂ ಅದು ಸಾಲುವುದಿಲ್ಲ.

ಎರಿಥ್ರೋಪೊಯೆಟಿನ್ 165 ಅಮೈನೋ ಆಮ್ಲಗಳ ಪ್ರೋಟೀನು. ತೂಕದಲ್ಲಿ ಸುಮಾರು ಶೇ. 40 ಭಾಗ ಅದಕ್ಕೆ ಅಂಟಿಕೊಂಡ ಸಕ್ಕರೆಯ ಸರಪಳಿಗಳದ್ದು. ರಕ್ತದಲ್ಲಿ ಹರಿದು ಮಜ್ಜೆ ತಲುಪಿ, ಕೆಂಪು ಕಣವಾಗಲಿರುವ ಎಳೆಯ ಜೀವಕೋಶದ ಪೊರೆಯ ಮೇಲಿರುವ ಎರಡು ಗ್ರಾಹಕಗಳನ್ನು (ಸಂಕೇತ ಹಿಡಿಯುವ ಪ್ರೋಟೀನುಗಳನ್ನು) ಹೊರಗಿನಿಂದ ಒಟ್ಟಿಗೆ ಹಿಡಿಯುತ್ತದೆ. ಆಗ ಒಳಗೆ ಸಂಕೇತ ಸಾಗಿಸುವ ಪ್ರೋಟೀನುಗಳಾದ ಜ್ಯಾಕ್2, ಅದರಿಂದ ಸ್ಟ್ಯಾಟ್5 ಚುರುಕಾಗಿ, ಜೀವಕೋಶ ತಾನಾಗಿ ಸಾಯುವುದನ್ನು ತಡೆಯುವ ಪ್ರೋಟೀನುಗಳು ಹುಟ್ಟುತ್ತವೆ. ಎರಿಥ್ರೋಪೊಯೆಟಿನ್‌ನ ಮುಖ್ಯ ಕೆಲಸವೇ ಇದು: ಸಾಯಲು ಹೊರಟ ಎಳೆಯ ಜೀವಕೋಶಗಳನ್ನು ಉಳಿಸುವುದು. ಈ ಪ್ರೋಟೀನು ಸಿಗದಿದ್ದರೆ ಅವು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ, ಕಬ್ಬಿಣ ಎಷ್ಟಿದ್ದರೂ ಅಷ್ಟೇ.

ಬದುಕುಳಿದ ಜೀವಕೋಶ ಬೆಳೆಯುತ್ತಾ ಹೋದಂತೆ ಆ ಗ್ರಾಹಕಗಳನ್ನು ಕಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಬೇಕಿರುವುದು ಹಿಮೋಗ್ಲೋಬಿನ್ ಕಟ್ಟಲು ಕಬ್ಬಿಣ. ಹೀಗೆ ಎರಡರ ಅಗತ್ಯ ಬೀಳುವುದು ಬೇರೆ ಬೇರೆ ಹಂತಗಳಲ್ಲಿ. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು.

ಹಾಗಾದರೆ ಮಾತ್ರೆಯ ಕಬ್ಬಿಣ ಎಲ್ಲಿ ಹೋಯಿತು? ಡಯಾಲಿಸಿಸ್ ರೋಗಿಗಳಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿರುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವ ಬಾಗಿಲನ್ನೇ ಮುಚ್ಚುತ್ತದೆ. ಜತೆಗೆ ಯಂತ್ರದಲ್ಲಿ, ಕೊಳವೆಗಳಲ್ಲಿ, ಪರೀಕ್ಷೆಗಳಲ್ಲಿ ರಕ್ತ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಇರುತ್ತದೆ. ಆದ್ದರಿಂದಲೇ ಡಯಾಲಿಸಿಸ್ ನಡೆಯುವಾಗ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಕೊಡುವುದು. ಪ್ರತಿ ಸಲ 100 ಮಿ.ಗ್ರಾಂ.ನಂತೆ ಒಟ್ಟು 10 ಸಲ ಕೊಡುವುದು ರೂಢಿ. ವರದಿಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ) ಒಂದನ್ನೇ ನೋಡಬೇಡಿ. ಸೋಂಕು, ಉರಿಯೂತ ಇದ್ದಾಗ ಅದು ಏರಿ ಮೋಸ ಮಾಡುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಎಷ್ಟು ಭಾಗ ಕಬ್ಬಿಣ ತುಂಬಿದೆ ಎಂಬ ಅಳತೆ) ಶೇ. 20ಕ್ಕಿಂತ ಕೆಳಗಿದ್ದರೆ ಮಜ್ಜೆಗೆ ಕಬ್ಬಿಣ ತಲುಪುತ್ತಿಲ್ಲ ಎಂದೇ ಅನುಮಾನಿಸಬೇಕು.

ಇಂಜೆಕ್ಷನ್ ಸಾಮಾನ್ಯವಾಗಿ ದೇಹತೂಕದ ಪ್ರತಿ ಕೆ.ಜಿ.ಗೆ 50ರಿಂದ 100 ಯೂನಿಟ್‌ನಂತೆ ವಾರಕ್ಕೆ ಮೂರು ಸಲದಿಂದ ಶುರುವಾಗುತ್ತದೆ. ಕಣ ಬಲಿಯಲು ಒಂದು ವಾರಕ್ಕೂ ಹೆಚ್ಚು ಸಮಯ ಬೇಕು. ವಾರದೊಳಗೆ ಹಿಮೋಗ್ಲೋಬಿನ್ ಅಳೆದು ನಿರಾಶರಾಗಬೇಡಿ. ಡೋಸ್ ಹೆಚ್ಚಿಸುವ ಮಾತು ನಾಲ್ಕು ವಾರ ಕಳೆದ ಮೇಲೆ. ಗುರಿಯೂ 15 ಅಲ್ಲ, ಸುಮಾರು 10ರಿಂದ 11.5. ಔಷಧಿಯಿಂದ 13 ದಾಟಿಸಲು ಹೋದರೆ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎರಡು ವಾರದಲ್ಲಿ 1 ಗ್ರಾಂಗಿಂತ ಹೆಚ್ಚು ಏರಿದರೆ ಡೋಸ್ ಇಳಿಸುತ್ತಾರೆ. ಬಿಪಿ ಏರಬಹುದು, ಮನೆಯಲ್ಲೇ ಅಳೆದು ಬರೆದಿಡಿ.

ಇಂಜೆಕ್ಷನ್ ಕೊಟ್ಟರೂ ಏರದಿದ್ದರೆ ಮೊದಲು ಕಬ್ಬಿಣ, ಆಮೇಲೆ ಸೋಂಕು (ಕ್ಯಾಥೆಟರ್ ಇರುವವರಲ್ಲಿ ಇದನ್ನು ಮರೆಯಬಾರದು), ಅಪೂರ್ಣ ಡಯಾಲಿಸಿಸ್, ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಬಿ12 ನೋಡಬೇಕು. ಏರಿದ್ದ ಹಿಮೋಗ್ಲೋಬಿನ್ ಹಠಾತ್ತನೆ ಕುಸಿದು, ರೆಟಿಕ್ಯುಲೋಸೈಟ್‌ಗಳೂ (ಮಜ್ಜೆಯಿಂದ ಹೊಸದಾಗಿ ಹೊರಬಂದ ಕೆಂಪು ಕಣಗಳು) ಬಹುತೇಕ ಇಲ್ಲವಾದರೆ ದೇಹವೇ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆಸಿರಬಹುದು. ಅಪರೂಪ, ಆದರೆ ಇಂಜೆಕ್ಷನ್ ತಕ್ಷಣ ನಿಲ್ಲಿಸಬೇಕಾದ ಪರಿಸ್ಥಿತಿ.

ರಕ್ತ ಏರಲೆಂದು ಬೀಟ್‌ರೂಟ್, ಪಾಲಕ್, ದಾಳಿಂಬೆ ರಸ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು; ಡಯಾಲಿಸಿಸ್ ರೋಗಿಯ ಹೃದಯಬಡಿತವನ್ನೇ ಅದು ಕೆಡಿಸಬಲ್ಲದು.

ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಅಂಗಡಿಯಿಂದ ತರುವಾಗ ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ. ವಯಲ್ ಕುಲುಕಬೇಡಿ: ಕುಲುಕಿದರೆ, ಹೆಪ್ಪುಗಟ್ಟಿದರೆ ಪ್ರೋಟೀನಿನ ಮಡಿಕೆ ಬಿಚ್ಚಿ ಗಂಟುಕಟ್ಟುತ್ತದೆ, ಗ್ರಾಹಕಕ್ಕೆ ಕೂರುವುದಿಲ್ಲ. ದ್ರವ ಮಬ್ಬಾಗಿ ಕಂಡರೆ, ಕಣ ತೇಲಿದರೆ ಬಳಸಬೇಡಿ.