ಅಟ್ಟದಲ್ಲಿರುವ ಹಳೆಯ ರಾಡನ್ನು ಎಸೆಯುವ ಮೊದಲು

ಮಲೆನಾಡಿನ ಹಳೆಯ ಮನೆಗಳನ್ನೂ ತೋಟದ ಬಂಗಲೆಗಳನ್ನೂ ದುರಸ್ತಿಗೆಂದು ಬಿಚ್ಚಿದಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಕೆಲವೊಮ್ಮೆ ಗಾಳದ ರಾಡ್ ಒಂದು ಸಿಗುತ್ತದೆ. ಮೈ ಜೇನಿನ ಬಣ್ಣದ್ದೋ ಕಡುಕಂದೋ ಆಗಿರುತ್ತದೆ. ತಂಗೂಸು ಹಾಯುವ ಉಂಗುರಗಳು, ಅಂದರೆ ಗೈಡ್‌ಗಳು, ತುಕ್ಕು ಹಿಡಿದಿರುತ್ತವೆ, ಕಾರ್ಕ್ ಹಿಡಿಕೆಯನ್ನು ಇಲಿ ಕಡಿದಿರುತ್ತದೆ, ಕಂಪನಿಯ ಹೆಸರು ಅರ್ಧ ಅಳಿಸಿರುತ್ತದೆ. ಅದನ್ನು ನನ್ನ ಬಳಿ ತರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ಮಾಡೆಲ್ ಈಗ ಬರುವುದಿಲ್ಲವಂತೆ, ಇದಕ್ಕೆ ಖರ್ಚು ಮಾಡಬಹುದೇ? ಶಿವಮೊಗ್ಗದಲ್ಲಿ ರಾಡ್ ಕಟ್ಟುವ, ರಿಪೇರಿ ಮಾಡುವ ಕಸುಬಿನಲ್ಲಿರುವ ನಾನು ಹೇಳುವುದಿಷ್ಟು: ಗೈಡು, ಹಿಡಿಕೆ, ರೀಲ್ ಕೂರಿಸುವ ಸೀಟು ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಅವೆಲ್ಲ ಇಂದಿಗೂ ಹೊಸದಾಗಿ ಸಿಗುತ್ತವೆ. ಸಿಗದಿರುವುದು ಒಳಗಿನ ಬ್ಲ್ಯಾಂಕ್ ಮಾತ್ರ. ಅದು ಆರೋಗ್ಯವಾಗಿದ್ದರೆ ಖರ್ಚು ಸಾರ್ಥಕ.

ಬ್ಲ್ಯಾಂಕ್ ಎಂದರೆ ಗೈಡ್, ಹಿಡಿಕೆ ಏನೂ ಇಲ್ಲದ ಬರಿಯ ಟೊಳ್ಳು ಕೋಲು. ಅದನ್ನು ಮಾಡಲು ತುದಿಯ ಕಡೆಗೆ ಸಪೂರವಾಗುತ್ತ ಹೋಗುವ ಉಕ್ಕಿನ ಸರಳು ಬೇಕು. ಇದಕ್ಕೆ ಮ್ಯಾಂಡ್ರೆಲ್ ಎನ್ನುತ್ತಾರೆ. ರಾಳ ಹೀರಿಸಿದ ಗಾಜಿನ ನಾರಿನ ಅಥವಾ ಕಾರ್ಬನ್ ನಾರಿನ ಹಾಳೆಯನ್ನು ಕತ್ತರಿಸಿ, ಬೀಡಿ ಸುತ್ತಿದ ಹಾಗೆ ಸರಳಿನ ಮೇಲೆ ಬಿಗಿಯಾಗಿ ಸುತ್ತುತ್ತಾರೆ. ಅದರ ಮೇಲೆ ತೆಳುವಾದ ಟೇಪನ್ನು ಎಳೆದು ಸುತ್ತಿ, ಓವನ್‌ನಲ್ಲಿ ಬೇಯಿಸಿ, ರಾಳ ಗಟ್ಟಿಯಾದ ಮೇಲೆ ಸರಳನ್ನು ಹೊರಗೆಳೆಯುತ್ತಾರೆ. ಹೊರಮೈಯನ್ನು ಉಜ್ಜದೆ ಬಿಟ್ಟ ಬ್ಲ್ಯಾಂಕಿನ ಮೇಲೆ ಉಗುರು ಆಡಿಸಿದರೆ ಆ ಟೇಪಿನ ಸುರುಳಿ ಗುರುತು ಕೈಗೆ ಸಿಗುತ್ತದೆ.

ಸರಳು ಎಲ್ಲಿ ಎಷ್ಟು ಸಪೂರ, ಹಾಳೆಯನ್ನು ಯಾವ ಆಕಾರಕ್ಕೆ ಕತ್ತರಿಸಿದ್ದಾರೆ ಎಂಬುದರ ಮೇಲೆ ರಾಡ್ ಎಲ್ಲಿ ಬಾಗುತ್ತದೆ, ಎಲ್ಲಿ ಬಿಗಿ ಹಿಡಿಯುತ್ತದೆ ಎಂಬುದು ನಿಂತಿದೆ. ತೆಳುಗೋಡೆಯ ಕೊಳವೆಯ ಬಿಗಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ: ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಸರಳಿನ ಸಣ್ಣ ವ್ಯತ್ಯಾಸವೂ ಮೀನು ಎಳೆದಾಗ ಕೈಗೆ ತಿಳಿಯುತ್ತದೆ. ಕಂಪನಿ ಮುಚ್ಚಿ ಆ ಸರಳುಗಳು ಗುಜರಿ ಸೇರಿದವೆಂದರೆ ಆ ಬಾಗು ಮತ್ತೆ ಹುಟ್ಟುವುದು ಕಷ್ಟ.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಈಗ ಸುಲಭವಾಗಿದೆ, ಏಕೆಂದರೆ ಕೊನೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ತೋಟಗಳಿಗೆ ಬಂದಿದೆ. ತೀರ್ಥಹಳ್ಳಿ ಕಡೆಯ ಒಬ್ಬರು ಮುರಿದ ದೋಟಿಯ ತುದಿಯ ತುಂಡನ್ನು ತಂದು, "ಇದೂ ಕಾರ್ಬನ್, ನಿಮ್ಮ ರಾಡೂ ಕಾರ್ಬನ್. ಇದರಲ್ಲೇ ಒಂದು ಕಟ್ಟಿಕೊಡಿ ಮಾರಾಯರೆ" ಎಂದರು. ಎರಡನ್ನೂ ಅವರ ಕೈಗೇ ಕೊಟ್ಟು ಬಗ್ಗಿಸಲು ಹೇಳಿದೆ. ದೋಟಿ ಬಾಗಬಾರದೆಂದೇ ಮಾಡಿದ ವಸ್ತು. ಅದರ ಒಂದೊಂದು ತುಂಡೂ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ರಾಡ್ ಬಾಗಿ, ತಂಗೂಸಿನ ಮೇಲೆ ಬೀಳುವ ಏಟನ್ನು ತಾನು ತಿನ್ನಬೇಕು. ನಾರು ಒಂದೇ ಜಾತಿಯದಾದರೂ ಆಕಾರ ಬೇರೆಯಾದರೆ ಕೆಲಸವೇ ಬೇರೆ. ಅವರು ತುಂಡನ್ನು ವಾಪಸು ಒಯ್ದರು.

ಹಳೆಯ ಬ್ಲ್ಯಾಂಕ್‌ಗಳಲ್ಲಿ ನಾರಿನ ವ್ಯತ್ಯಾಸವನ್ನೂ ತಿಳಿದಿರಬೇಕು. 1940ರ ದಶಕದ ಕೊನೆಗೆ ಅಮೆರಿಕದ ಶೇಕ್ಸ್‌ಪಿಯರ್ ಕಂಪನಿ ಗಾಜಿನ ನಾರಿನ ರಾಡುಗಳನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಕಮ್ಯುನಿಸ್ಟ್ ಚೀನಾದ ಸರಕಿನ ಮೇಲೆ ಅಮೆರಿಕ ಹೇರಿದ ನಿರ್ಬಂಧದಿಂದ ಅಲ್ಲಿಯವರೆಗೆ ಒಳ್ಳೆಯ ರಾಡುಗಳಿಗೆ ಬಳಸುತ್ತಿದ್ದ ಚೀನಾದ ಟಾಂಕಿನ್ ಬಿದಿರು ಸಿಗುವುದು ನಿಂತಿತು, ಗಾಜಿನ ನಾರಿಗೆ ಎದುರಾಳಿಯೇ ಇಲ್ಲದಾಯಿತು. ಎರಡು ತುಂಡಿನ ರಾಡಿಗೆ ಲೋಹದ ಜೋಡಣೆಯ ಬದಲು ಗಾಜಿನ ನಾರಿನದೇ ಜೋಡಣೆ ಕೊಟ್ಟವರಲ್ಲಿ ಫೆನ್ವಿಕ್ ಕಂಪನಿಯ ಜಿಮ್ ಗ್ರೀನ್ ಮುಖ್ಯರು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ವಿಮಾನಗಳಿಗೆಂದು ಬಲವಾದ ಕಾರ್ಬನ್ ನಾರು ತಯಾರಾಯಿತು. ಹತ್ತೇ ವರ್ಷದಲ್ಲಿ ಅದು ಗಾಳಕ್ಕೂ ಬಂತು: ಫೆನ್ವಿಕ್‌ನ ಎಚ್‌ಎಂಜಿ ರಾಡುಗಳು 1973–74ರ ಹೊತ್ತಿಗೆ ಬಂದವು. ಸಾಮಾನ್ಯ ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲಿಯೂ ಹಗುರ. ಗಾಜಿನ ನಾರಿನ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಆಮೇಲಿನ ಕಾರ್ಬನ್ ಕಂಪನಿಗಳೂ ಕೈ ಬದಲಾಯಿಸಿದವು. 1982ರಲ್ಲಿ ಹುಟ್ಟಿದ ಅಮೆರಿಕದ ಜಿ. ಲೂಮಿಸ್ ಕಂಪನಿ 1997ರಲ್ಲಿ ಜಪಾನಿನ ಶಿಮಾನೊ ಪಾಲಾಯಿತು. ಹೀಗೆ ಕೈ ಬದಲಾದಾಗಲೆಲ್ಲ ಕೆಲವು ಮಾಡೆಲ್‌ಗಳು ನಿಲ್ಲುವುದು ಈ ವ್ಯಾಪಾರದಲ್ಲಿ ಮಾಮೂಲು.

ರಾಡಿನ ಮೈಮೇಲೆ ಐಎಂ6, ಐಎಂ7 ಎಂದು ಬರೆದಿರುವುದನ್ನು ನೋಡಿ ಕೆಲವರು ಬೆಲೆ ಕಟ್ಟುತ್ತಾರೆ. ಅವು ಒಂದು ನಾರು ತಯಾರಕ ಕಂಪನಿಯ ಸರಕಿನ ಹೆಸರುಗಳು, ಗುಣಮಟ್ಟದ ದರ್ಜೆಗಳಲ್ಲ. ಯಾವ ರಾಳ, ಎಷ್ಟು ದಪ್ಪ ಗೋಡೆ, ಯಾವ ಸರಳು ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಹಳೆಯದೆಲ್ಲ ಒಳ್ಳೆಯದು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಒಳಗೆ ಟೊಳ್ಳಿಲ್ಲದ, ಇಡಿಯ ಫೈಬರ್ ಕಡ್ಡಿಯ ಅಗ್ಗದ ರಾಡುಗಳೂ ಅಟ್ಟದಿಂದ ಇಳಿಯುತ್ತವೆ. ಅವು ಮುರಿಯುವುದು ಅಪರೂಪ, ಆದರೆ ಭಾರ, ಜಡ. ಮಕ್ಕಳ ಕೈಗೆ ಕೊಡಿ, ಹಣ ಹಾಕಬೇಡಿ.

ಟೊಳ್ಳು ಬ್ಲ್ಯಾಂಕ್ ಬಂದರೆ ನಾನು ಮೊದಲು ಹತ್ತಿಯ ಉಂಡೆಯೊಂದನ್ನು ಬುಡದಿಂದ ತುದಿಯವರೆಗೆ ಸುತ್ತಲೂ ಮೆಲ್ಲಗೆ ಸವರುತ್ತೇನೆ. ನಾರು ಎದ್ದಿರುವ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಾಕದ ಗಾಜಿನ ನಾರಾದರೆ ಕತ್ತಲ ಕೋಣೆಯಲ್ಲಿ ಬುಡದೊಳಗೆ ಸಣ್ಣ ಟಾರ್ಚ್ ಹಿಡಿಯುತ್ತೇನೆ. ಬ್ಲ್ಯಾಂಕ್ ಒಳಗಿನಿಂದ ಬೆಳಗುತ್ತದೆ, ಪೆಟ್ಟು ಬಿದ್ದ ಜಾಗ ಬಿಳಿಯ ಮಚ್ಚೆಯಾಗಿ ಎದ್ದು ಕಾಣುತ್ತದೆ. ಕಾರ್ಬನ್ನಿನಲ್ಲಿ ಈ ಅನುಕೂಲವಿಲ್ಲ. ಅದನ್ನು ಕಿವಿಯ ಹತ್ತಿರ ಹಿಡಿದು, ತಿರುಗಿಸುತ್ತ ನಿಧಾನವಾಗಿ ಬಗ್ಗಿಸಬೇಕು. ಟಿಕ್ ಎಂಬ ಸದ್ದು ಒಂದೇ ಜಾಗದಿಂದ ಮತ್ತೆ ಮತ್ತೆ ಬಂದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಒಂದು ತುಂಡಿನ ಗೂಟ ಇನ್ನೊಂದರ ಟೊಳ್ಳಿನೊಳಗೆ ಕೂರುವ ಒಳಗೂಟದ ಜೋಡಣೆಯಿದ್ದರೆ ಎರಡು ತುಂಡು ಸೇರಿಸಿದಾಗ ನಡುವೆ ಸ್ವಲ್ಪ ಸಂದು ಉಳಿಯಲೇಬೇಕು. ಸಂದು ಮುಚ್ಚಿಹೋಗಿದ್ದರೆ ಗೂಟ ಸವೆದಿದೆ ಎಂದರ್ಥ.

ಹಳೆಯ ಗೈಡ್ ಬಿಚ್ಚುವಾಗ ಬ್ಲೇಡನ್ನು ಗೈಡಿನ ಲೋಹದ ಪಾದದ ಮೇಲೇ ಆಡಿಸಬೇಕು, ಬ್ಲ್ಯಾಂಕಿನ ಕಡೆಗೆ ಒಯ್ಯಲೇಬಾರದು. ಬಣ್ಣ ಕಿತ್ತೆಸೆಯುವ ತೀಕ್ಷ್ಣ ರಾಸಾಯನಿಕಗಳೂ ಬೇಡ. ಅವು ಬಣ್ಣದೊಂದಿಗೆ ಬ್ಲ್ಯಾಂಕಿನ ರಾಳವನ್ನೂ ತಿನ್ನುತ್ತವೆ.

ಮುಂದಿನದು ಶಕ್ತಿಯ ಅಳತೆ. ಹೆಸರು ಅಳಿಸಿಹೋದ ಬ್ಲ್ಯಾಂಕ್ ಯಾವ ತೂಕದ ತಂಗೂಸಿಗೆ, ಯಾವ ಮೀನಿಗೆ ಎಂದು ತಿಳಿಯುವುದು ಹೇಗೆ? ಅಮೆರಿಕದ ವಿಲಿಯಂ ಹ್ಯಾನೆಮನ್ ಇದಕ್ಕೊಂದು ಸರಳ ವಿಧಾನ ಕೊಟ್ಟರು. ಬುಡವನ್ನು ಮಟ್ಟಸವಾಗಿ ಬಿಗಿದು, ರಾಡಿನ ಉದ್ದದ ಮೂರನೇ ಒಂದು ಪಾಲಿನಷ್ಟು ತುದಿ ಕೆಳಗಿಳಿಯುವವರೆಗೆ ತುದಿಗೆ ತೂಕ ಹಾಕುತ್ತ ಹೋಗಬೇಕು. ಅವರು ಬಳಸಿದ್ದು ತಲಾ 2.5 ಗ್ರಾಂನ ಒಂದು ಸೆಂಟ್ ನಾಣ್ಯಗಳನ್ನು. ನಾನು ತೆಳುವಾದ ಚೀಲದಲ್ಲಿ ಅಕ್ಕಿ ಹಾಕುತ್ತೇನೆ. ಒಂಬತ್ತು ಅಡಿಯ ಬ್ಲ್ಯಾಂಕಿನ ತುದಿ ಮೂರು ಅಡಿ ಇಳಿದ ಕೂಡಲೇ ಚೀಲ ಬಿಚ್ಚಿ ಅಕ್ಕಿಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿದರೆ ಶಕ್ತಿಯ ಅಂಕಿ ಸಿಕ್ಕಿತು. ಆ ಹೊತ್ತಿನಲ್ಲಿ ತುದಿ ನೆಲಕ್ಕೆ ಮಾಡುವ ಕೋನ ಹೆಚ್ಚಿದ್ದರೆ ರಾಡ್ ತುದಿಯಲ್ಲೇ ಬಾಗುವಂಥದ್ದು, ಕಡಿಮೆಯಿದ್ದರೆ ಬುಡದವರೆಗೂ ಬಾಗುವಂಥದ್ದು. ಹೆಸರು ಹೇಳುವ ಸ್ಟಿಕ್ಕರಿಗಿಂತ ಈ ಎರಡು ಅಂಕಿಗಳನ್ನು ನಾನು ನಂಬುತ್ತೇನೆ.

ಗಾಜಿನ ನಾರಿನ ಹಳೆಯ ಬ್ಲ್ಯಾಂಕ್‌ಗಳು ಬಹುತೇಕ ಬುಡದವರೆಗೂ ಬಾಗುವ ಜಾತಿಯವು. ಹಿನ್ನೀರಿನ ಅಂಚಿನಲ್ಲಿ ಕೂತು ಕಾಟ್ಲಾ, ರೋಹುಗಳಿಗೆ ಹಿಟ್ಟಿನ ಉಂಡೆ ಹಾಕುವವರಿಗೆ ಇವುಗಳಿಗಿಂತ ಒಳ್ಳೆಯದು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದಡದ ಹತ್ತಿರ ಬಂದ ಮೀನು ಕೊನೆಯ ಬಾರಿ ಹಿಂತಿರುಗಿ ಓಡಿದಾಗ ಬಿಗಿ ಕಾರ್ಬನ್ ರಾಡು ಗಾಳವನ್ನು ಬಾಯಿಂದ ಕಿತ್ತುಬಿಡುತ್ತದೆ. ಗಾಜಿನದು ಬುಡದಿಂದ ಬಾಗಿ ಮೀನಿಗೆ ದಾರಿ ಕೊಡುತ್ತದೆ. ಆದರೆ ದಿನವಿಡೀ ಸ್ಪಿನ್ನರ್ (ನೀರಿನಲ್ಲಿ ಸುತ್ತುವ ಲೋಹದ ಹುಸಿ ಆಮಿಷ) ಎಸೆಯುವವರಿಗೆ ಅದು ಭಾರ. ಅವರಿಗೆ ನಾನು ಹಳೆಯದನ್ನು ಒತ್ತಾಯಿಸುವುದಿಲ್ಲ.

ಗೈಡ್‌ಗಳ ಜಾಗವನ್ನು ಕೋಷ್ಟಕ ನೋಡಿ ಗುರುತು ಹಾಕುವುದು ಸಾಲದು. ಮೊದಲು ಟೇಪಿನಲ್ಲಿ ಅಂಟಿಸಿ, ತಂಗೂಸು ಪೋಣಿಸಿ, ಭಾರ ಕಟ್ಟಿ ಬಾಗಿಸಿ, ತಂಗೂಸು ಬ್ಲ್ಯಾಂಕಿನ ಬಾಗನ್ನೇ ಹಿಂಬಾಲಿಸುವಂತೆ ಒಂದೊಂದನ್ನೂ ಸರಿಸಬೇಕು. ಆಮೇಲೆ ದಾರ ಸುತ್ತಿ, ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಎಪಾಕ್ಸಿ ಅಂಟನ್ನು ಹಚ್ಚಬೇಕು.

ನಮ್ಮ ಊರಿನ ಕಷ್ಟ ಇರುವುದು ಇಲ್ಲಿ. ಆಷಾಢದ ಜಡಿಮಳೆಯಲ್ಲಿ ಎಪಾಕ್ಸಿ ಹಚ್ಚಿದರೆ ಅದರ ಗಟ್ಟಿಕಾರಕ ಗಾಳಿಯ ತೇವದ ಜೊತೆ ಸೇರಿ ಮೇಲ್ಮೈಯಲ್ಲಿ ಎಣ್ಣೆಯಂಥ ಜಿಡ್ಡು ಪದರ ಕಟ್ಟುತ್ತದೆ, ಕೆಳಗಿನದು ಮಂಜಾಗುತ್ತದೆ. ನಾನು ಮಳೆಗಾಲದಲ್ಲಿ ಮುಚ್ಚಿದ ಉದ್ದನೆಯ ಮರದ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ, ರಾಡನ್ನೂ ಎಪಾಕ್ಸಿಯ ಎರಡೂ ಡಬ್ಬಿಗಳನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಹಚ್ಚಿದ ಮೇಲೆ ನಿಮಿಷಕ್ಕೆ ಕೆಲವೇ ಸುತ್ತು ತಿರುಗುವ ಮೋಟಾರಿಗೆ ರಾಡನ್ನು ಸಿಕ್ಕಿಸಿ ಅಲ್ಲೇ ಒಣಗಲು ಬಿಡುತ್ತೇನೆ. ಇನ್ನೊಂದು ಎಚ್ಚರಿಕೆ: ಎರಡು ದ್ರವಗಳನ್ನು ಸಮ ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಬಳಸುವಾಗ ಕಪ್ಪು ರಬ್ಬರ್ ಇರುವುದನ್ನು ತರಬೇಡಿ. ರಬ್ಬರ್ ಜಾರಲೆಂದು ಸವರಿದ ಸಿಲಿಕೋನ್ ಎಪಾಕ್ಸಿಗೆ ಸೇರಿದರೆ ಮೇಲ್ಮೈಯಲ್ಲಿ ಕಣ್ಣು ಕಣ್ಣಾಗಿ ಗುಳಿ ಬೀಳುತ್ತವೆ. ಒಳಗೂ ಹೊರಗೂ ಬರಿ ಪ್ಲಾಸ್ಟಿಕ್ ಆಗಿರುವ ಸಿರಿಂಜ್ ಕೇಳಿ ತನ್ನಿ.

ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ಹಾದ ತಂತಿಯ ಕೆಳಗೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಹೊತ್ತಿನಲ್ಲಿ ಅದನ್ನು ಎತ್ತಿ ಹಿಡಿಯಲೇಬೇಡಿ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಶೃಂಗೇರಿಯಂಥ ಮತ್ಸ್ಯಧಾಮಗಳಲ್ಲಿ ಯಾವ ರಾಡಿಗೂ ಜಾಗವಿಲ್ಲ ಎಂಬುದನ್ನೂ ರಾಡ್ ಒಯ್ಯಲು ಬಂದವರಿಗೆಲ್ಲ ಹೇಳಿ ಕಳಿಸುತ್ತೇನೆ.

ಬ್ಲ್ಯಾಂಕ್ ಪೂರ್ತಿ ಹಾಳಾಗಿದ್ದರೂ ಒಲೆಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಬುಡದಿಂದ ತುದಿಗೆ ಪ್ರತಿ ಐದು ಇಂಚಿಗೊಮ್ಮೆ ಕ್ಯಾಲಿಪರ್‌ನಿಂದ ಹೊರವ್ಯಾಸ ಅಳೆದು ಬರೆದುಕೊಳ್ಳಿ. ಜೊತೆಗೆ ಒಟ್ಟು ಉದ್ದ, ತೂಕ, ಜೋಡಣೆಯ ಬಗೆ, ಬುಡದ ಗೋಡೆಯ ದಪ್ಪ, ಸಾಧ್ಯವಾದರೆ ಅಕ್ಕಿ ಚೀಲದ ಅಂಕಿಯನ್ನೂ ಸೇರಿಸಿ. ಈಗ ಸಿಗುವ ಬ್ಲ್ಯಾಂಕ್‌ಗಳಲ್ಲಿ ಆ ಬಾಗಿಗೆ ಹತ್ತಿರದ್ದನ್ನು ಹುಡುಕಲು ನನ್ನಂಥವರಿಗೆ ಬೇಕಾಗಿರುವುದು ಆ ಕಾಗದವೇ. ಮುರಿದ ತುಂಡನ್ನೂ ತನ್ನಿ. ಅದರ ಆರೋಗ್ಯವಾದ ಭಾಗದಿಂದ, ಅದೇ ಅಳತೆಯ ಇನ್ನೊಂದು ಹಳೆಯ ರಾಡಿನ ಸೀಳಿಗೆ ಒಳತೇಪೆ ಮಾಡಬಹುದು.