ನೆತ್ತಿಯ ಹೊಲಿಗೆ: ತಲೆಬುರುಡೆಯ ಎಲುಬು ಕೈಗೆ ಸರಿಯುತ್ತವೆಯೇ?

ನಮ್ಮ ಮನೆಯಲ್ಲಿ ಈ ಮಾತು ಶುರುವಾದದ್ದು ಒಂದು ಕೂಸಿನ ತಲೆಯಿಂದ. ತಂಗಿ ಬಾಣಂತನಕ್ಕೆ ಬೆಳಗಾವಿಗೆ ಬಂದಿದ್ದಳು. ಮಗುವಿಗೆ ಮೂರು ತಿಂಗಳು, ತಲೆಯ ಹಿಂಭಾಗ ಬಲಗಡೆ ಸ್ವಲ್ಪ ಚಪ್ಪಟೆ. ದಿನಾ ಎರೆಯಲು ಬರುವ ಆಯಿ ಎಣ್ಣೆ ಹಚ್ಚಿ, ಅಂಗೈಯಲ್ಲಿ ತಲೆಯನ್ನು ಒತ್ತುತ್ತಾ, "ಗುಂಡಗ ಮಾಡ್ತೀನಿ ಬಿಡವ್ವಾ, ಎಲುಬು ಇನ್ನ ಹಸಿ ಅದಾವ" ಎನ್ನುತ್ತಿದ್ದಳು. ಅದೇ ವಾರ ತಂಗಿಯ ಗೆಳತಿ ಪುಣೆಯಿಂದ ಫೋನ್ ಮಾಡಿ, "ಕ್ರೇನಿಯಲ್ ಆಸ್ಟಿಯೋಪಥಿ ಮಾಡಿಸು, ಕೈಯಿಂದಲೇ ಎಲುಬು ಸರಿ ಮಾಡ್ತಾರಂತೆ" ಎಂದಳು. ಇಬ್ಬರ ನಂಬಿಕೆಯೂ ಒಂದೇ, ಅಲ್ವಾ? ಅದು ಎಲ್ಲಿಂದ ಬಂತು ಅಂತ ಹುಡುಕಿದೆ.

ತಲೆಬುರುಡೆಯಲ್ಲಿ 22 ಎಲುಬುಗಳಿವೆ. ಮಿದುಳನ್ನು ಸುತ್ತಿರುವವು 8, ಮುಖದವು 14. ಇವುಗಳಲ್ಲಿ ಕಣ್ಣಿಗೆ ಕಾಣುವಂತೆ ಅಲುಗುವುದು ಕೆಳದವಡೆ ಒಂದೇ. ಉಳಿದವು ಅಂಕುಡೊಂಕಿನ ಗೆರೆಗಳಲ್ಲಿ ಒಂದಕ್ಕೊಂದು ಕಚ್ಚಿಕೊಂಡಿವೆ. ಈ ಗೆರೆಗೆ ವೈದ್ಯರು ಸೂಚರ್ ಎನ್ನುತ್ತಾರೆ, ಅಂದರೆ ಹೊಲಿಗೆ. ಸುಶ್ರುತ ಸಂಹಿತೆಯಲ್ಲೂ ಇದೇ ಮಾತಿದೆ. ಅಲ್ಲಿ ಎಂಟು ಬಗೆಯ ಕೀಲುಗಳನ್ನು ಹೇಳುವಾಗ ತಲೆಯ ಎಲುಬುಗಳ ಕೂಡಿಕೆಗೆ ಕೊಟ್ಟ ಹೆಸರು ತುನ್ನಸೇವನಿ. ಬಟ್ಟೆಗೆ ಹಾಕಿದ ಹೊಲಿಗೆಯಂಥದ್ದು ಅಂತ ಅರ್ಥ. ನಮ್ಮ ಕಡೆ ಕೌದಿ ಹೊಲಿಯುವುದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ.

ಇದನ್ನು ಸುಮ್ನೆ ಊಹಿಸಿ ಬರೆದದ್ದಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಏಳು ರಾತ್ರಿ ಹೊಳೆಯ ನೀರಲ್ಲಿ ಬಿಟ್ಟು, ಆಮೇಲೆ ಮೆಲ್ಲಗೆ ಉಜ್ಜುತ್ತಾ ಒಂದೊಂದೇ ಪದರ ನೋಡಬೇಕು ಎಂದು ಅದೇ ಗ್ರಂಥ ಹೇಳುತ್ತದೆ. ದೇಹವನ್ನು ಬಿಚ್ಚಿ ನೋಡಿಯೇ ಕಲಿಯುವ ಈ ಹಟ ನಮ್ಮ ಊರಿಗೂ ಹೊಸದಲ್ಲ. 2010ರಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆ ದಾನ ಮಾಡಿದ್ದ ದೇಹವನ್ನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ತಂದೆ ಬೈಲಹೊಂಗಲದಲ್ಲಿ ವೈದ್ಯರಾಗಿದ್ದವರು. ಅದನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕು ಅನಿಸುತ್ತದೆ.

ಇನ್ನು ಅಮೆರಿಕದ ಕಥೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1874ರಲ್ಲಿ ಆಸ್ಟಿಯೋಪಥಿಯನ್ನು ಹುಟ್ಟುಹಾಕಿದ. ಎಲುಬು, ಕೀಲು ನೆಟ್ಟಗಿದ್ದರೆ ದೇಹ ತಾನೇ ವಾಸಿ ಮಾಡಿಕೊಳ್ಳುತ್ತದೆ ಎಂಬುದು ಅವನ ವಾದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಅಲ್ಲಿ ಓದುತ್ತಿದ್ದ ವಿಲಿಯಂ ಗಾರ್ನರ್ ಸದರ್ಲೆಂಡ್ ಒಂದು ದಿನ ಎಲುಬುಗಳನ್ನೆಲ್ಲ ಬಿಡಿಸಿ ಜೋಡಿಸಿಟ್ಟ ತಲೆಬುರುಡೆಯನ್ನು ನೋಡಿದ. ಕಿವಿಯ ಮೇಲಿನ ಎಲುಬಿನ ಅಂಚು ಓರೆಯಾಗಿ, ಪದರ ಪದರವಾಗಿತ್ತು. ಮೀನಿನ ಕಿವಿರಿನ ಹಾಗಿದೆ, ಹಾಗಾದರೆ ಇದು ಉಸಿರಾಡಲಿಕ್ಕೇ ಇರಬೇಕು ಎಂದು ಅವನಿಗೆ ಹೊಳೆಯಿತು. ಇಡೀ ಕ್ರೇನಿಯಲ್ ಆಸ್ಟಿಯೋಪಥಿ ನಿಂತಿರುವುದು ಈ ಒಂದು ಹೊಳಹಿನ ಮೇಲೆ.

ಅಂಥ ಬುರುಡೆಯನ್ನು ಬಿಡಿಸುವುದು ಹೇಗೆ ಗೊತ್ತಾ? ಒಂದು ಹಳೆಯ ಉಪಾಯವಿದೆ. ಒಣಗಿದ ಬುರುಡೆಯೊಳಗೆ ಒಣ ಕಾಳು ತುಂಬಿ ನೀರಲ್ಲಿ ಮುಳುಗಿಸಿಡುತ್ತಾರೆ. ಮಡಕಿ ಕಾಳು ನೆನೆಹಾಕಿದ ಡಬ್ಬಿಯ ಮುಚ್ಚಳ ಬೆಳಗಾಗುವಷ್ಟರಲ್ಲಿ ಎದ್ದಿರುತ್ತದಲ್ಲ, ಹಾಗೇ ಉಬ್ಬಿದ ಕಾಳು ಒಳಗಿಂದ ನೂಕಿ ಹೊಲಿಗೆಯನ್ನು ಬಿಚ್ಚುತ್ತದೆ. ಮಾಂಸ, ನಾರು ಎಲ್ಲ ಹೋದ ಒಣ ಬುರುಡೆಗೇ ಇಷ್ಟು ನೂಕು ಬೇಕು. ಜೀವಂತ ತಲೆಯಲ್ಲಿ ಆ ಸಂದಿನಲ್ಲಿ ಗಟ್ಟಿ ನಾರುಗಳು ಎರಡೂ ಎಲುಬನ್ನು ಹಿಡಿದಿರುತ್ತವೆ. ವಯಸ್ಸಾದಂತೆ ಎಷ್ಟೋ ಕಡೆ ಎಲುಬೇ ಬೆಸೆದುಕೊಳ್ಳುತ್ತದೆ.

ಸದರ್ಲೆಂಡ್ ಮೋಸಗಾರನಲ್ಲ, ಅದನ್ನು ಹೇಳಲೇಬೇಕು. ಮರದ ಬಟ್ಟಲು, ಚರ್ಮದ ಪಟ್ಟಿಗಳನ್ನು ತನ್ನದೇ ತಲೆಗೆ ಬಿಗಿದುಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದ. 1939ರಲ್ಲಿ ತನ್ನ ವಿಚಾರಗಳನ್ನು ಪುಸ್ತಕವಾಗಿ ತಂದ. ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ ಒಂದು ಲಯದಲ್ಲಿ ಏರಿಳಿಯುತ್ತದೆ, ಅದರ ಜೊತೆ ತಲೆಯ ಎಲುಬುಗಳೂ ಸೊಂಟದ ತ್ರಿಕೋನ ಎಲುಬೂ ಅಲುಗುತ್ತವೆ, ಪಳಗಿದ ಕೈಗೆ ಅದು ತಿಳಿಯುತ್ತದೆ ಎಂಬುದು ಅವನ ಹೇಳಿಕೆ. ಮುಖ್ಯ ಚಲನೆ ಬುರುಡೆಯ ತಳದಲ್ಲಿ, ಕಣ್ಣುಗಳ ಹಿಂದಿರುವ ಸ್ಫೀನಾಯ್ಡ್ ಎಲುಬು ಮತ್ತು ಹಿಂದಲೆಯ ಎಲುಬು ಸೇರುವಲ್ಲಿ ನಡೆಯುತ್ತದೆ ಎಂದ. ಆದರೆ ಆ ಜಾಗ ಹರೆಯ ಮುಗಿಯುವಷ್ಟರಲ್ಲಿ ಬೆಸೆದು ಒಂದೇ ಎಲುಬಾಗುತ್ತದೆ. ನನ್ನ ಮಟ್ಟಿಗೆ ಅವನ ವಾದಕ್ಕೆ ದೊಡ್ಡ ತೊಡಕು ಇದೇ.

1970ರ ದಶಕದಲ್ಲಿ ಜಾನ್ ಅಪ್ಲೆಜರ್ ಎಂಬ ಅಮೆರಿಕದ ಆಸ್ಟಿಯೋಪಥಿ ವೈದ್ಯ ಇದನ್ನು ಕ್ರೇನಿಯೋಸೇಕ್ರಲ್ ಥೆರಪಿ ಎಂಬ ಹೆಸರಲ್ಲಿ ಬೆಳೆಸಿದ. ವೈದ್ಯರಲ್ಲದವರಿಗೂ ಕಲಿಸಿದ್ದರಿಂದ ಅದು ಊರೂರಿಗೆ ಹಬ್ಬಿತು.

ಕೈಗೆ ಸಿಗುವ ಲಯವಾದರೆ ಎಲ್ಲರ ಕೈಗೂ ಒಂದೇ ಲೆಕ್ಕ ಸಿಗಬೇಕು. 1994ರಲ್ಲಿ ಅಮೆರಿಕದಲ್ಲಿ ಮೂವರು ಫಿಸಿಯೋಥೆರಪಿಸ್ಟರು ಅದೇ 12 ಜನರ ತಲೆ ಹಿಡಿದು ಎಣಿಸಿದರು. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ತಾಳೆಯೇ ಇರಲಿಲ್ಲ. 2006ರಲ್ಲಿ ಮೊಲಗಳ ತಲೆಗೆ ಚಿಕಿತ್ಸೆಯಲ್ಲಿ ಬಳಸುವಂಥ ಹಗುರ ಬಲ ಹಾಕಿ ಅಳೆದರು. ಹೊಲಿಗೆ ಗಣನೀಯವಾಗಿ ಸರಿಯಲಿಲ್ಲ. ಮೆತ್ತಗೆ ತಲೆ ಹಿಡಿದು ಕೂತಾಗ ಕೆಲವರಿಗೆ ಹಾಯೆನಿಸಬಹುದು. ಅದಕ್ಕೆ ಎಲುಬು ಸರಿಯಲೇಬೇಕೆಂದಿಲ್ಲ.

ಹಾಗಾದರೆ ಈ ಹೊಲಿಗೆ ಯಾಕಿದೆ? ಕೂಸಿಗಾಗಿ. ಹೆರಿಗೆಯ ದಾರಿಯಲ್ಲಿ ಎಲುಬುಗಳು ಕೊಂಚ ಒಂದರ ಮೇಲೊಂದು ಸರಿದು ತಲೆಗೆ ಜಾಗ ಕೊಡುತ್ತವೆ. ಹುಟ್ಟಿದಾಗ ಸುಮಾರು 35 ಸೆಂ.ಮೀ. ಇದ್ದ ತಲೆಯ ಸುತ್ತಳತೆ ವರ್ಷ ತುಂಬುವಾಗ 46ರ ಹತ್ತಿರ ಬರುತ್ತದೆ. ಒಳಗೆ ಮಿದುಳು ಬೆಳೆದಂತೆ ಹೊಲಿಗೆಯ ಅಂಚಲ್ಲಿ ಹೊಸ ಎಲುಬು ಕೂಡುತ್ತಾ ಹೋಗುತ್ತದೆ. ಮೇಲಿನ ಮೆತ್ತನೆಯ ನೆತ್ತಿ ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಚ್ಚುತ್ತದೆ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಯಾವುದೋ ಹೊಲಿಗೆ ಬೇಗನೆ ಬೆಸೆದು ತಲೆ ಸೊಟ್ಟಗಾಗುತ್ತದೆ. ಎಷ್ಟೋ ಸಲ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಅದೂ ಮೊದಲ ವರ್ಷದಲ್ಲೇ ಆದರೆ ಒಳ್ಳೆಯದು. ತಿಕ್ಕುತ್ತಾ, ಒತ್ತಿಸುತ್ತಾ ಕೂತರೆ ಆ ಸಮಯ ಕೈತಪ್ಪುತ್ತದೆ. ನನಗೆ ಜಾಸ್ತಿ ಹೆದರಿಕೆ ಇದರದ್ದೇ.

ತಂಗಿಯನ್ನು ಕರೆದುಕೊಂಡು ಮಕ್ಕಳ ಡಾಕ್ಟರ್ ಹತ್ತಿರ ಹೋದೆ. ಅವರು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕುಂಚಿಗೆ ಬಿಚ್ಚಿ, ತಲೆಯನ್ನು ಮೇಲಿನಿಂದ ನೋಡಿದರು. ಕಿವಿ ಎರಡೂ ಒಂದೇ ಸಾಲಲ್ಲಿವೆಯೇ ಎಂದು ಗಮನಿಸಿದರು. ಬೆರಳ ತುದಿಯಿಂದ ಒಂದೊಂದೇ ಗೆರೆ ಸವರಿದರು, ಎಲ್ಲಾದರೂ ದಿಣ್ಣೆ ಕಟ್ಟಿದೆಯೇ ಎಂದು. ಟೇಪು ಸುತ್ತಿ ಅಳತೆ ಬರೆದುಕೊಂಡರು. "ಹೊಲಿಗಿ ಎಲ್ಲಾ ಛಲೋ ಅದಾವ್ರಿ. ಒಂದ ಮಗ್ಗಲಕ್ಕ ಮಲಗಿ ಹಿಂಗಾಗೇದ" ಎಂದರು. ಮಲಗಿಸುವಾಗ ಅಂಗಾತವೇ ಮಲಗಿಸಿ, ಎಚ್ಚರ ಇದ್ದಾಗ ಕಣ್ಣೆದುರೇ ಹೊಟ್ಟೆಯ ಮೇಲೆ ಹಾಕಿ ಆಡಿಸಿ, ತಿಂಗಳು ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದರು.

ಆಯಿ ಈಗಲೂ ಬರುತ್ತಾಳೆ. ನೆತ್ತಿಗೆ ಎಣ್ಣೆ ಹಚ್ಚುತ್ತಾಳೆ, ಒತ್ತುವುದಿಲ್ಲ. ತೊಟ್ಟಿಲನ್ನು ತಿರುಗಿಸಿ ಕಟ್ಟಿದ್ದೇವೆ. ಕಿಟಕಿ ಈಗ ಕೂಸಿನ ಎಡಗಡೆ ಇದೆ.