ಮೊದಲ ಸುತ್ತಿನ ಚೀಟಿ ಮತ್ತು ಮಂಡ್ಯದ ನಾಲ್ವರು

ಕಳೆದ ಭಾನುವಾರ ಮೈಸೂರಿನಲ್ಲಿ ನಡೆದ ನಮ್ಮ ಯುದ್ಧದಾಟದ (ಮೇಜಿನ ಮೇಲೆ ಸೈನಿಕ ಬೊಂಬೆಗಳಿಂದ ಆಡುವ ಆಟ) ಕೂಟದಲ್ಲಿ, ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿದವನು ನಾನು. 16 ಮಂದಿ, 8 ಟೇಬಲ್. ಮಂಡ್ಯದ ನಾಲ್ವರು ಬೆಳಗಿನ ರೈಲಿನಲ್ಲಿ ಸೈನಿಕ ಬೊಂಬೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. (ದಸರಾ ಬೊಂಬೆಯೇ ಎಂದು ಪಕ್ಕದ ಅಜ್ಜಿ ಕೇಳಿದರಂತೆ.) ಒಂದು ಟೇಬಲಿನ ಎರಡು ಚೀಟಿ ಬಿಚ್ಚಿದರೆ ಇಬ್ಬರೂ ಮಂಡ್ಯದವರು, ಅದೂ ಒಂದೇ ಬೀದಿಯವರು. "ಇವನ ಜೊತೆ ಆಡುವುದಕ್ಕೆ 45 ಕಿಲೋಮೀಟರ್ ಬರಬೇಕಿತ್ತೇ ಸರ್?" ಎಂದರು ಒಬ್ಬರು. ಗಾಬರಿಯಿಂದ ಇನ್ನೊಂದು ಟೇಬಲಿನವರನ್ನು ಎಬ್ಬಿಸಿ ಅದಲುಬದಲು ಮಾಡಿದೆ. ಎದ್ದವರು ಊಟದ ಹೊತ್ತಿನವರೆಗೂ ನನಗೆ ಮುಖ ಕೊಡಲಿಲ್ಲ.

ಸ್ವಿಸ್ ಪದ್ಧತಿ

ನಾವು ಜೋಡಿ ಮಾಡುವುದು ಈ ಪದ್ಧತಿಯಲ್ಲಿ. 1895ರಲ್ಲಿ ಜ್ಯೂರಿಕ್‌ನ ಚೆಸ್ ಟೂರ್ನಿಯಲ್ಲಿ ಇದನ್ನು ಮೊದಲು ಬಳಸಿದ್ದು. ಸೋತವರು ಹೊರಬೀಳುವುದಿಲ್ಲ, ಸಮಾನ ಅಂಕದವರು ಎದುರಾಗುತ್ತಾರೆ, ಒಮ್ಮೆ ಆಡಿದವರು ಮತ್ತೆ ಆಡುವುದಿಲ್ಲ. ಮೊದಲ ಸುತ್ತಿನಲ್ಲಿ ಮಾತ್ರ ಯಾರಿಗೂ ಅಂಕವಿಲ್ಲ, ಪದ್ಧತಿಗೆ ಕಣ್ಣಿಲ್ಲ.

16 ಮಂದಿಯಲ್ಲಿ ಸೋಲದವರು ಒಬ್ಬರೇ ಉಳಿಯಲು 4 ಸುತ್ತು ಬೇಕು. ದೊಡ್ಡ ಸೈನ್ಯದ ಒಂದು ಆಟಕ್ಕೇ ಮೂರು ಗಂಟೆ ಹಿಡಿಯುವುದರಿಂದ ನಮಗೆ ದಿನಕ್ಕೆ 3 ಸುತ್ತೇ ಹೆಚ್ಚು. ಡ್ರಾ ಇಲ್ಲದಿದ್ದರೆ ಸೋಲದವರು ಇಬ್ಬರು ಉಳಿಯುತ್ತಾರೆ. ಯಾರ ಎದುರಾಳಿಗಳು ಹೆಚ್ಚು ಗೆದ್ದಿದ್ದಾರೆ ಎಂದು ಎಣಿಸಿ ಬಹುಮಾನ ಕೊಟ್ಟರೆ, ಬೆಳಿಗ್ಗೆ ಎತ್ತಿದ ಚೀಟಿ ಸಂಜೆಯ ಬಹುಮಾನದವರೆಗೂ ಕೈಚಾಚುತ್ತದೆ.

ನಾನು ಎಡವಿದ ಲೆಕ್ಕ

ಮಂಡ್ಯದ ಒಬ್ಬರಿಗೆ ಎದುರಾಗಬಲ್ಲವರು 15 ಮಂದಿ, ಅವರಲ್ಲಿ ಊರಿನವರು 3. ಹಾಗಾಗಿ ಐದರಲ್ಲೊಂದು ಸಾಧ್ಯತೆ. ನನ್ನ ಗ್ರಹಚಾರ ಕೆಟ್ಟಿತ್ತು ಅಷ್ಟೆ ಎಂದುಕೊಂಡಿದ್ದೆ. ಅದು ತಪ್ಪು. ಆ ಲೆಕ್ಕ ಒಬ್ಬ ನಿರ್ದಿಷ್ಟ ಆಟಗಾರನದು. ನನಗೆ ಬೇಕಾದದ್ದು ನಾಲ್ವರಲ್ಲಿ ಯಾರಾದರೂ ಇಬ್ಬರು ಎದುರಾಗುವ ಸಾಧ್ಯತೆ. ಇದನ್ನು ತಿರುಗಿಸಿ, ಯಾರೂ ಎದುರಾಗದಿರುವುದನ್ನು ಲೆಕ್ಕ ಹಾಕಬೇಕು.

ಮೊದಲನೆಯವರಿಗೆ ಮೈಸೂರಿನವರು ಸಿಗುವುದು 12/15. ಎರಡನೆಯವರಿಗೆ 11/13. ಇಲ್ಲಿ 13ರ ಬದಲು 14 ಎಂದು ಬರೆದು ಅರ್ಧ ಗಂಟೆ ಒದ್ದಾಡಿದೆ. ಒಂದು ಜೋಡಿಯಾದಾಗ ಬಟ್ಟಲಿನಿಂದ ಹೋಗುವುದು ಒಂದು ಚೀಟಿಯಲ್ಲ, ಎರಡು. 14 ಚೀಟಿ ಉಳಿದವು. ಅದರಲ್ಲಿ ಒಂದು ಎರಡನೆಯವರದ್ದೇ. ತಮ್ಮೊಂದಿಗೆ ತಾವೇ ಆಡಲಾರರು, ಆದ್ದರಿಂದ 13. ಮೂರನೆಯವರಿಗೆ ಹೀಗೆಯೇ 10/11. ನಾಲ್ಕನೆಯವರ ಹೊತ್ತಿಗೆ ಬೇರೆ ಮಂಡ್ಯದವರೇ ಇಲ್ಲ: 9/9.

ಗುಣಿಸಿದರೆ 8/13. ಅಂದರೆ ಊರಿನವರೇ ಎದುರಾಗುವ ಸಾಧ್ಯತೆ 5/13, ಸುಮಾರು 38 ಶೇಕಡಾ. ಗ್ರಹಚಾರದ ಮಾತೇ ಅಲ್ಲ. ಇದು ಆಗಾಗ ಆಗಲೇಬೇಕಾದದ್ದು.

ಅದಲುಬದಲಿಗೆ ಬದಲು

ನಾನು ಮಾಡಿದ ಅದಲುಬದಲು ಗಣಿತಕ್ಕೆ ಅಷ್ಟೇನೂ ವಿರುದ್ಧವಲ್ಲ. ಆದರೆ ಯಾವ ಟೇಬಲ್ ಎಂದು ಆರಿಸಿದ್ದು ಬಟ್ಟಲಲ್ಲ, ನನ್ನ ಬೆರಳು. ಎದ್ದವರ ಸಿಟ್ಟು ನ್ಯಾಯವೇ. ಮಂಡ್ಯದ ನಾಲ್ಕು ಚೀಟಿಗಳನ್ನು ಮೊದಲೇ ತಟ್ಟೆಯಲ್ಲಿ ಬೇರೆಯಿಟ್ಟು, ಒಂದೊಂದಕ್ಕೂ ಮೈಸೂರಿನ 12ರಿಂದ ಎದುರಾಳಿಯನ್ನು ಎತ್ತಬೇಕಿತ್ತು. ಉಳಿದ 8 ಮಂದಿಗೆ ಎಂದಿನ ಚೀಟಿ. ಆಗ ಒಪ್ಪುವ ಎಲ್ಲ ಜೋಡಣೆಗಳಿಗೂ ಸಮಾನ ಅವಕಾಶವಿರುತ್ತದೆ. ಬೇರ್ಪಡಿಸಬೇಕಾದ ಗುಂಪುಗಳು ಎರಡಾದರೆ ಈ ಉಪಾಯ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಆಗ ತೇಪೆ ಹಾಕದೆ, ಎಲ್ಲ ಚೀಟಿಗಳನ್ನೂ ಬಟ್ಟಲಿಗೆ ಸುರಿದು ಮೊದಲಿನಿಂದ ಎತ್ತುವುದೇ ಸರಿ.

ಶ್ರೇಯಾಂಕ

ಚೀಟಿಯ ಬದಲು, ಆಟಗಾರರಿಗೆ ಬಲದ ಕ್ರಮದಲ್ಲಿ 1ರಿಂದ 16ರವರೆಗೆ ಸಂಖ್ಯೆ ಕೊಟ್ಟು, 1ಕ್ಕೆ 16, 2ಕ್ಕೆ 15 ಎಂದು ಜೋಡಿಸಿದರೆ ಎಲ್ಲ ಟೇಬಲಿನ ಮೊತ್ತವೂ 17. ಎಷ್ಟು ಸಮ ಎಂದು ಮೋಸಹೋಗಬೇಡಿ: ಅಂತರ 15ರಿಂದ 1ರವರೆಗೆ ಹರಡಿರುತ್ತದೆ. 1ಕ್ಕೆ 9, 2ಕ್ಕೆ 10 ಎಂದರೆ ಎಲ್ಲೆಡೆ ಅಂತರ 8. ಎರಡರಲ್ಲೂ ಕೆಳಗಿನ ಅರ್ಧದ ಹೊಸಬರಿಗೆ ಬೆಳಿಗ್ಗೆಯೇ ಬಲಿಷ್ಠರು ಖಾತ್ರಿ. ಚೀಟಿಯಲ್ಲಾದರೆ ತಮ್ಮಂಥವರೇ ಸಿಗುವ ಅವಕಾಶ 7/15. ನಮ್ಮಲ್ಲಿ ಶ್ರೇಯಾಂಕವೇ ಇಲ್ಲ. ಊಹಿಸಿ ಬರೆಯುವುದಕ್ಕಿಂತ ಚೀಟಿಯೇ ವಾಸಿ.

ಆಟಗಾರರು ಬೆಸ ಸಂಖ್ಯೆಯಾದರೆ ಬೈ (ಎದುರಾಳಿಯಿಲ್ಲದೆ ಒಬ್ಬರು ಆ ಸುತ್ತು ದಾಟುವುದು) ಕೂಡ ಬಟ್ಟಲಿನಿಂದಲೇ ಬರಲಿ. ಮುಂದಿನ ಸಲ ಆ ಬಟ್ಟಲನ್ನು ಹಿಡಿಯುವ ಕೆಲಸವನ್ನು, ನಾನು ಎಬ್ಬಿಸಿದ್ದೆನಲ್ಲ, ಅವರಿಗೇ ಕೊಡುತ್ತೇನೆ.